ನಾಲ್ಕು ರೈಟ್ ಪೋಯಿ

ಆ ಹುಡುಗ ರಸ್ತೆ ಮಧ್ಯೆ ಎದ್ದು ಕೂತು ಮೊದಲು ಕೇಳಿದ್ದು, "ಅಣ್ಣ, ನನ್ನ ಚಪ್ಪಲಿ ಎಲ್ಲಿ ಹೋಯ್ತು?"

ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಪ್ಯಾಂಟು ಸೊಂಟದಿಂದ ಮೊಣಕಾಲಿನವರೆಗೆ ಹರಿದಿತ್ತು. ಸ್ಕೂಟರು ಡಿವೈಡರಿಗೆ ಒರಗಿ ಬಿದ್ದಿತ್ತು, ಹಿಂದಿನ ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಅವನಿಗೆ ಚಪ್ಪಲಿಯದ್ದೇ ಚಿಂತೆ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಚಪ್ಪಲಿ ಸಿಗ್ತದೆ ಮಾರಾಯ, ನೀನು ಸ್ವಲ್ಪ ಅಲ್ಲಾಡದೆ ಕೂತ್ಕೋ" ಎನ್ನುತ್ತಿದ್ದೆ. ನನ್ನ ಕೈಯೂ ನಡುಗುತ್ತಿತ್ತು. ಅವನು ಜಾರಿಕೊಂಡು ಬಂದದ್ದು ನನ್ನ ಕಾರಿನ ಎದುರಿಗೇ.

ಜುಲೈ ತಿಂಗಳ ಒಂದು ಬೆಳಗ್ಗೆ, ಜೋರು ಮಳೆ. ನಾನು ಕಟಪಾಡಿಯಿಂದ ಮಂಗಳೂರಿಗೆ ದಿನಾ ಹೋಗಿ ಬರುವವನು. ರಾಷ್ಟ್ರೀಯ ಹೆದ್ದಾರಿ 66 ಅಂದರೆ ನಮಗೆ ಮನೆ ಅಂಗಳ ಇದ್ದ ಹಾಗೆ (ಅಪ್ಪ ಈಗಲೂ ಅದನ್ನು ಹದಿನೇಳು ಎಂದೇ ಕರೆಯುತ್ತಾರೆ). ಉಚ್ಚಿಲ ದಾಟಿ ಎರ್ಮಾಳು ಬರುವ ಮುಂಚೆ ಎಡಗಡೆಯ ಅಂಚಿನಲ್ಲಿ ನೀರು ನಿಂತಿತ್ತು, ಅದರ ಜೊತೆ ಕೆಂಪು ಮಣ್ಣು. ನಾನು ಡಿವೈಡರ್ ಪಕ್ಕದ ಸಾಲಿನಲ್ಲಿದ್ದೆ, ಸ್ಕೂಟರು ಎಡಸಾಲಿನಲ್ಲಿ, ನನಗಿಂತ ಮುಂದೆ. ನೀರು ಕಂಡು ಅವನು ಹ್ಯಾಂಡಲ್ ಸ್ವಲ್ಪ ಬಲಕ್ಕೆ ತಿರುಗಿಸಿದ, ಅದೇ ಹೊತ್ತಿಗೆ ಮುಂದಿನ ಬ್ರೇಕ್ ಹಿಡಿದ. ಅಷ್ಟೆ. ಮುಂದಿನ ಚಕ್ರ ಒದ್ದೆ ಮಣ್ಣಿನ ಮೇಲೆ ಜಾರಿ, ಸ್ಕೂಟರು ಅಡ್ಡ ಮಲಗಿ, ಅವನೂ ಅದೂ ಬೇರೆ ಬೇರೆಯಾಗಿ ನನ್ನ ಸಾಲಿಗೆ ಬಂದುಬಿಟ್ಟರು.

ನಾನು ನಿಂತೆ. ಬಂಪರಿಗೂ ಅವನಿಗೂ ನಡುವೆ ನಾಲ್ಕು ಹೆಜ್ಜೆ ಜಾಗ ಇತ್ತು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆವತ್ತು ಆಫೀಸಿನಲ್ಲಿ ಎಲ್ಲರೂ "ನಿನ್ನ ಬ್ರೇಕು ಭಾರೀ ಫಾಸ್ಟ್" ಎಂದು ಹೊಗಳಿದರು, ನಾನೂ ಸುಮ್ನೆ ಹೊಗಳಿಸಿಕೊಂಡೆ. ನಿಜ ಏನೆಂದರೆ ನನ್ನ ವೈಪರಿನ ರಬ್ಬರು ಹೋಗಿತ್ತು. ಗಾಜಿನ ಮೇಲೆ ನೀರು ಒರೆಸುವುದಕ್ಕಿಂತ ಬಳಿಯುತ್ತಿತ್ತು. ಎದುರು ಸರಿ ಕಾಣದೆ ಹೆದರಿ ನಾನು ಐವತ್ತರಲ್ಲಿ, ಎಲ್ಲರಿಗಿಂತ ಹಿಂದೆ ಉಳಿದು ಹೋಗುತ್ತಿದ್ದೆ. ವೈಪರ್ ಚೆನ್ನಾಗಿದ್ದರೆ ಎಂಬತ್ತರಲ್ಲಿ ಇರುತ್ತಿದ್ದೆ, ಅದು ನನಗೆ ಗೊತ್ತು.

ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಪಿಯುಸಿಯಲ್ಲಿ ಕಲಿತ ಭೌತಶಾಸ್ತ್ರ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ, ಅಲ್ಲಿಗೆ 21 ಮೀಟರ್ ಹೋಯಿತು. ಆಮೇಲೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಪೂರ್ತಿ ಒತ್ತಿದರೂ ಇನ್ನೊಂದು 24-25 ಮೀಟರ್. ಒಟ್ಟು 45ರ ಹತ್ತಿರ. ಅದೇ 80ರಲ್ಲಿದ್ದರೆ? ಕಾಲು ಎತ್ತುವುದರೊಳಗೆ 33 ಮೀಟರ್, ನಿಲ್ಲಲು ಇನ್ನೂ 60 ಚಿಲ್ಲರೆ, ಒಟ್ಟು 95ರ ಹತ್ತಿರ. ನಮ್ಮ ಎಂಟು-ಒಂಬತ್ತು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಟಯರು ಸವೆದಿದ್ದರೆ ಅದಕ್ಕಿಂತಲೂ ಜಾಸ್ತಿ. ನನ್ನ ಎದುರು ಆವತ್ತು ಅಷ್ಟು ಜಾಗ ಇರಲಿಲ್ಲ.

ಬಿದ್ದವನ ಲೆಕ್ಕವೂ ಒಂದು ಉಂಟು. ಬಿದ್ದ ಜಾಗದಲ್ಲೇ ಯಾರೂ ನಿಲ್ಲುವುದಿಲ್ಲ. 40ರಲ್ಲಿ ಹೋಗುತ್ತಿದ್ದವನು ಒದ್ದೆ ರಸ್ತೆಯಲ್ಲಿ ಬಿದ್ದರೆ ಹತ್ತು-ಹದಿನೈದು ಮೀಟರ್ ಜಾರಬಹುದು, ಎರಡು ಮೂರು ಸೆಕೆಂಡ್ ಹಿಡಿಯಬಹುದು. ಗಾಡಿ ಸಾಮಾನ್ಯವಾಗಿ ಇನ್ನೂ ದೂರ ಹೋಗುತ್ತದೆ. ಕಬ್ಬಿಣ ಡಾಂಬರಿನ ಮೇಲೆ ಜಾರಿದಷ್ಟು ಸುಲಭವಾಗಿ ಬಟ್ಟೆ, ಚರ್ಮ ಜಾರುವುದಿಲ್ಲ. ಹಾಗಾಗಿ ನಿಮ್ಮ ಎದುರಿಗೆ ಬರುವುದು ಒಂದು ವಸ್ತುವಲ್ಲ, ಎರಡು. ಮುಂದೆ ಗಾಡಿ, ಹಿಂದೆ ಮನುಷ್ಯ, ಎರಡಕ್ಕೂ ಬೇರೆ ಬೇರೆ ದಾರಿ. ನಮ್ಮ ಕಣ್ಣು ಹೋಗುವುದು ಕಿಡಿ ಹಾರಿಸಿಕೊಂಡು ಸದ್ದು ಮಾಡುವ ಗಾಡಿಯ ಕಡೆಗೆ. ಹುಡುಕಬೇಕಾದದ್ದು ಮನುಷ್ಯನನ್ನು.

ನಿಮ್ಮ ದಿಕ್ಕಿಗೇ ಹೋಗುತ್ತಿದ್ದವನು ಬಿದ್ದರೆ ಒಂದು ಅನುಕೂಲ ಇದೆ, ಅವನು ಜಾರುವಾಗಲೂ ನಿಮ್ಮಿಂದ ದೂರಕ್ಕೇ ಹೋಗುತ್ತಿರುತ್ತಾನೆ. ಒಣ ರಸ್ತೆಯಲ್ಲಿ, ಇಬ್ಬರದೂ ಒಂದೇ ವೇಗ ಆಗಿದ್ದರೆ, ಮನುಷ್ಯ ಜಾರಿ ನಿಲ್ಲುವ ದೂರವೂ ಕಾರು ಪೂರ್ತಿ ಬ್ರೇಕಿನಲ್ಲಿ ನಿಲ್ಲುವ ದೂರವೂ ಹೆಚ್ಚು ಕಡಿಮೆ ಹತ್ತಿರ ಹತ್ತಿರವೇ. ಹಾಗಾದರೆ ಸಾಲದೆ ಬರುವುದು ಯಾವುದು? ನೀವು ಬ್ರೇಕ್ ಒತ್ತುವ ಮುಂಚಿನ ಆ ಒಂದೂವರೆ ಸೆಕೆಂಡ್. ಫೋನು ನೋಡುತ್ತಿದ್ದರೆ ಅದು ಮೂರಾಗುತ್ತದೆ.

ಎದುರಿನಿಂದ ಬರುವವನು ಬಿದ್ದರೆ ಕತೆಯೇ ಬೇರೆ. ಆಗ ಜಾಗ ಎರಡೂ ಕಡೆಯಿಂದ ಕರಗುತ್ತದೆ. ಡಿವೈಡರ್ ಇಲ್ಲದ ರಸ್ತೆ, ಅದರಲ್ಲೂ ತಿರುವು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದವರಿಗೆ ಆ 14 ತಿರುವುಗಳು ನೆನಪಿರುತ್ತವೆ. ತಿರುವಿನಲ್ಲಿ ಬಿದ್ದವನು ಹೊರಗಡೆಗೆ ಜಾರುತ್ತಾನೆ. ರಸ್ತೆ ನಿಮಗೆ ಬಲಕ್ಕೆ ತಿರುಗುತ್ತಿದ್ದರೆ ಎದುರಿನವನಿಗೆ ಅದು ಎಡತಿರುವು, ಅವನ ಹೊರಗಡೆ ಎಂದರೆ ನಿಮ್ಮ ಸಾಲು. ಇದನ್ನು ತಿಳಿದ ಮೇಲೆ ನಾನು ಬಲತಿರುವುಗಳಲ್ಲಿ, ರಸ್ತೆ ಖಾಲಿ ಕಂಡರೂ, ಮೊದಲೇ ನಿಧಾನ ಮಾಡಿ ಎಡ ಅಂಚಿಗೆ ಹತ್ತಿರ ಇರುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಇಷ್ಟು ಲೆಕ್ಕ ಮಾಡಿಕೊಂಡು, ಸ್ವಲ್ಪ ಜಂಬದಿಂದಲೇ, ಆ ಭಾನುವಾರ ಮಾವನ ಮನೆಗೆ ಹೋದೆ. ಮಾವ ಅಂದರೆ ಅಮ್ಮನ ತಮ್ಮ. ಮಂಗಳೂರು-ಕುಂದಾಪುರ ಎಕ್ಸ್‌ಪ್ರೆಸ್ ಬಸ್ಸು ಓಡಿಸಿ ನಿವೃತ್ತರಾದವರು. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರದ್ದು ಹುಚ್ಚು ಓಟ ಅಂತ ಊರಿಡೀ ಹೇಳುತ್ತದೆ, ನಾನೂ ಹೇಳಿದ್ದೇನೆ. ಆದರೆ ಮಾವ ಹಾಗಲ್ಲ ಎಂದು ನಾನು ಹೇಳಿದರೆ ನೆಂಟಸ್ತಿಕೆ ಎನ್ನುತ್ತೀರಿ, ಬಿಡಿ.

ನಾನು ಪೂರ್ತಿ ಕತೆ ಹೇಳಿದೆ. ನೀರು, ಮಣ್ಣು, ನಾಲ್ಕು ಹೆಜ್ಜೆ ಎಲ್ಲ. ಮಾವ ನೀರುದೋಸೆ ಮುರಿಯುತ್ತಾ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ.

"ನಿನ್ನ ಹಿಂದೆ ಎಂತ ಇತ್ತು?"

"ಎಂತದು ಮಾವ?"

"ಹಿಂದೆ. ಬ್ರೇಕ್ ಹಾಕುವಾಗ ಹಿಂದೆ ಯಾವ ಗಾಡಿ ಇತ್ತು?"

ನನಗೆ ಗೊತ್ತಿರಲಿಲ್ಲ. ಬೈಕ್ ಇತ್ತೋ, ಲಾರಿ ಇತ್ತೋ, ಏನೂ ಇರಲಿಲ್ಲವೋ. ಹಾಗೆಂದೆ. ಮಾವ ಚಾ ಲೋಟ ಕೆಳಗಿಟ್ಟರು.

"ಹಾಗಾದ್ರೆ ಅವನನ್ನು ಉಳಿಸಿದ್ದು ನೀನಲ್ಲ. ನಿನ್ನ ಹಿಂದೆ ಇದ್ದವ, ಇಲ್ಲಾ ಹಿಂದೆ ಯಾರೂ ಇಲ್ಲದ್ದು."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದೆ ಟ್ಯಾಂಕರ್ ಇದ್ದು, ಅದು ನನ್ನನ್ನು ಗುದ್ದಿ, ನನ್ನ ಕಾರನ್ನೇ ಅವನ ಮೇಲೆ ತಳ್ಳಿದ್ದರೆ? ದೊಡ್ಡ ಗಾಡಿಗಳ ಗಾಳಿ ಬ್ರೇಕು ಪೆಡಲ್ ಒತ್ತಿದ ಕೂಡಲೇ ಹಿಡಿಯುವುದಿಲ್ಲ, ಗಾಳಿ ಕೊಳವೆಯಲ್ಲಿ ಓಡಿ ಚಕ್ರಕ್ಕೆ ತಲುಪಬೇಕು, ಅಷ್ಟರಲ್ಲಿ ಅರ್ಧ ಸೆಕೆಂಡಿನಷ್ಟು ಹೋಗುತ್ತದೆ ಎಂದು ವಿವರಿಸಿದ್ದೂ ಮಾವನೇ. ಹಾಗಂತ ಮನುಷ್ಯ ಎದುರು ಬಿದ್ದಾಗ ಕನ್ನಡಿ ನೋಡುತ್ತಾ ಕೂರಲು ಆಗುವುದಿಲ್ಲ, ಆಗ ಬ್ರೇಕೇ. ಕನ್ನಡಿ ಅದಕ್ಕೂ ಮುಂಚೆ ನೋಡುತ್ತಾ ಇರಬೇಕಾದದ್ದು, ಐದಾರು ಸೆಕೆಂಡಿಗೊಮ್ಮೆ, ಸುಮ್ನೆ. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಎದುರು ಇನ್ನೂ ಜಾಸ್ತಿ ಜಾಗ ಬಿಡಬೇಕು, ಆಗ ಬ್ರೇಕನ್ನು ಬೇಗ ಹಿಡಿದು ಮೆಲ್ಲ ಒತ್ತಬಹುದು, ಅವನಿಗೂ ಗೊತ್ತಾಗುತ್ತದೆ. ಇದೆಲ್ಲ ಕೇಳಲು ತಿರುಗು ಮುರುಗು ಅನಿಸುತ್ತದೆ, ಅಲ್ವಾ? ಹಿಂದಿನವನ ತಪ್ಪಿಗೆ ನಾನು ಮುಂದೆ ಜಾಗ ಬಿಡಬೇಕು.

ಎಷ್ಟು ಜಾಗ ಎಂದು ಕೇಳಿದೆ. ಮೀಟರಿನ ಲೆಕ್ಕ ಓಡಿಸುವಾಗ ಯಾರಿಗೂ ಬರುವುದಿಲ್ಲ. ಹಲವು ದೇಶಗಳಲ್ಲಿ ಕಲಿಸುವುದು ಎರಡು ಸೆಕೆಂಡ್, ಮಳೆಯಲ್ಲಿ ನಾಲ್ಕು. ಮಾವನದ್ದು ಬೇರೆ ಅಳತೆ. ಮುಂದಿನ ಗಾಡಿ ಒಂದು ಲೈಟುಕಂಬ ದಾಟಿದ ಕೂಡಲೇ ಮನಸ್ಸಲ್ಲೇ ಕಂಡಕ್ಟರನ ಹಾಗೆ "ರೈಟ್ ಪೋಯಿ" ಎನ್ನುವುದು (ತುಳುವಿನಲ್ಲಿ ಪೋಯಿ ಅಂದರೆ ಹೋಗೋಣ). ಅವಸರ ಮಾಡದೆ ಹೇಳಿದರೆ ಒಂದು ರೈಟ್ ಪೋಯಿಗೆ ಸರಿಯಾಗಿ ಒಂದು ಸೆಕೆಂಡ್. ಬೇಸಿಗೆಯಲ್ಲಿ ಎರಡು ಮುಗಿಯುವ ಮುಂಚೆ ನೀನು ಆ ಕಂಬ ಮುಟ್ಟಬಾರದು, ಮಳೆಗಾಲದಲ್ಲಿ ನಾಲ್ಕು. "ಎದುರು ಜಾಗ ಉಂಟಾ, ನಿನಗೆ ಬ್ರೇಕ್ ಉಂಟು. ಜಾಗ ಇಲ್ವಾ, ಬ್ರೇಕೂ ಇಲ್ಲ" ಅಂದರು. ನಾನು ಗಡಿಯಾರ ಹಿಡಿದು ನೋಡಿದ್ದೇನೆ, ನಿಜವಾಗಿಯೂ ಒಂದು ಸೆಕೆಂಡ್.

ಈ ಜಾಗದಲ್ಲಿ ಯಾರಾದರೂ ಬಂದು ತೂರಿಕೊಳ್ಳುತ್ತಾರೆ ಎನ್ನುತ್ತೀರಿ. ತೂರಿಕೊಳ್ಳುತ್ತಾರೆ. ಸುರತ್ಕಲ್‌ನಿಂದ ಕೂಳೂರಿನವರೆಗೆ ನನ್ನ ಎದುರು ಎಷ್ಟು ಜನ ತೂರಿಕೊಂಡರು ಎಂದು ಒಂದು ದಿನ ಎಣಿಸಿದೆ, ಹನ್ನೊಂದು. ಹನ್ನೊಂದು ಸಲ ಹಿಂದೆ ಬಿದ್ದೆ. ಆಫೀಸಿಗೆ ಎರಡು ನಿಮಿಷ ತಡ ಆಯಿತು.

ಇನ್ನು ಸ್ಟೇರಿಂಗು. ಎದುರು ಯಾರಾದರೂ ಬಿದ್ದರೆ ನಮ್ಮ ಕೈಗೆ ಬರುವ ಮೊದಲ ಬುದ್ಧಿ ಪಕ್ಕಕ್ಕೆ ಎಳೆಯುವುದು. ನಾನೂ ಎಳೆಯುತ್ತಿದ್ದೆನೇನೋ, ಬಲಗಡೆ ಡಿವೈಡರ್ ಇದ್ದದ್ದಕ್ಕೆ ಎಳೆಯಲಿಲ್ಲ. ಬಿದ್ದ ಒಬ್ಬನನ್ನು ತಪ್ಪಿಸಲು ಹೋಗಿ ಪಕ್ಕದಲ್ಲಿ ಸರಿಯಾಗಿ ಹೋಗುತ್ತಿದ್ದ ಇನ್ನೊಬ್ಬ ಬೈಕಿನವನಿಗೆ ಗುದ್ದಿದ ಕತೆಗಳು ನಮ್ಮಲ್ಲಿ ಎಷ್ಟು ಬೇಕು. ಹಾಗಾಗಿ ಮೊದಲು ನೇರಕ್ಕೆ ಬ್ರೇಕ್, ಪೂರ್ತಿ, ಕಾಲು ನೆಲಕ್ಕೆ ತಾಗುವ ಹಾಗೆ. ಪ್ರತಿ ಮೀಟರಿಗೂ ವೇಗ ಇಳಿಯುತ್ತಾ ಹೋಗುತ್ತದೆ, ಕೊನೆಗೆ ತಾಗಿದರೂ ಎಂಬತ್ತರಲ್ಲಿ ತಾಗುವುದಕ್ಕೂ ಇಪ್ಪತ್ತರಲ್ಲಿ ತಾಗುವುದಕ್ಕೂ ಜೀವದಷ್ಟು ವ್ಯತ್ಯಾಸ. ನಿಲ್ಲಲು ಆಗುವುದೇ ಇಲ್ಲ, ಪಕ್ಕದ ಸಾಲು ಖಾಲಿ ಎಂದು ಮೊದಲೇ ಗೊತ್ತಿದೆ ಎಂದಾಗ ಮಾತ್ರ ಸ್ಟೇರಿಂಗ್. ಆಗಲೂ ಅವನು ಹೋಗುತ್ತಿರುವ ಕಡೆಗಲ್ಲ, ಅವನು ಬಿಟ್ಟುಬಂದ ಕಡೆಗೆ. ಎಡದಿಂದ ಬಲಕ್ಕೆ ಜಾರುತ್ತಿದ್ದರೆ ಎಡಕ್ಕೆ. ಗಾಡಿಯೋ ಮನುಷ್ಯನೋ ಎರಡರಲ್ಲಿ ಒಂದು ತಪ್ಪಿಸಲು ಆಗದೇ ಹೋದರೆ ಗಾಡಿಗೆ ಗುದ್ದಿ. ಬಂಪರು ಪೇಟೆಯಲ್ಲಿ ಸಿಗುತ್ತದೆ.

ಮಾವ ಹೇಳಿದ ಇನ್ನೊಂದು ಮಾತು ನನಗೆ ಅರ್ಥ ಆಗಲು ದಿನ ಹಿಡಿಯಿತು. "ಬಿದ್ದವನನ್ನು ನೋಡ್ತಾ ಕೂರಬೇಡ, ಜಾಗ ನೋಡು." ಕಣ್ಣು ಹೋದ ಕಡೆಗೆ ಕೈ ಹೋಗುತ್ತದೆ, ಕೈ ಹೋದ ಕಡೆಗೆ ಗಾಡಿ. ಸೈಕಲ್ ಕಲಿಯುವಾಗ ಇಡೀ ಮೈದಾನ ಬಿಟ್ಟು ಇದ್ದ ಒಂದೇ ಒಂದು ತೆಂಗಿನಮರಕ್ಕೆ ಹೋಗಿ ಗುದ್ದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರು ಮನುಷ್ಯ ಬಿದ್ದಿರುವಾಗ ಅವನ ಮೇಲಿಂದ ಕಣ್ಣು ಕೀಳುವುದು ಸುಲಭ ಅಲ್ಲ. ಎಲ್ಲಿದ್ದಾನೆ ಎಂದು ಒಮ್ಮೆ ಕಂಡುಕೊಂಡು, ಆಮೇಲೆ ಪಕ್ಕದ ಖಾಲಿ ಡಾಂಬರನ್ನೇ ನೋಡಬೇಕಂತೆ.

ಮತ್ತೆ ಹಾರ್ನು. ಬಿದ್ದವನಿಗೆ ಹಾರ್ನ್ ಹೊಡೆಯುವವರು ಇದ್ದಾರೆ ಎಂದರೆ ನಂಬುತ್ತೀರಾ? ಇದ್ದಾರೆ, ನಾನೇ ಹೊಡೆದಿದ್ದೆ. ಆಮೇಲೆ ಹುಡುಗನೇ ಹೇಳಿದ್ದು. ಅವನು ಆಗ ಜಾರುತ್ತಿದ್ದ, ಎದ್ದು ಓಡಬೇಕಿತ್ತಾ?

ನಿಂತ ಮೇಲಿನ ಕೆಲಸದಲ್ಲಿ ನಾನು ಮಾಡಿದ ತಪ್ಪು, ಬಾಗಿಲು ತೆಗೆದು ನೇರ ಓಡಿದ್ದು. ಹಿಂದಿನಿಂದ ಬರುವವರಿಗೆ ಆ ಮಳೆಯಲ್ಲಿ ನಾನು ಕಾಣುತ್ತಿರಲಿಲ್ಲ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿ, ಕಾರನ್ನು ಅಲ್ಲೇ ಬಿಟ್ಟು ಬಿದ್ದವನಿಗೆ ಮರೆಯಾಗಿಸಿ, ಹಿಂದೆ ನೋಡಿಕೊಂಡು ಇಳಿಯಬೇಕಿತ್ತು. ಕೆಂಪು ತ್ರಿಕೋನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ಕು ಬಿಚ್ಚದೆ ಹಾಗೇ ಇತ್ತು. (ಕಾರಿನ ಹಿಂಭಾಗಕ್ಕೂ ಗುದ್ದುವುದಕ್ಕೂ ನಾವು ಡಿಕ್ಕಿ ಎಂಬ ಒಂದೇ ಪದ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ ಅನಿಸಿತು.) ಒಬ್ಬ ರಿಕ್ಷಾದವರು ಹಿಂದೆ ಹೋಗಿ ಕೊಡೆ ಬೀಸಿ ಗಾಡಿಗಳನ್ನು ನಿಧಾನ ಮಾಡಿಸಿದರು. ಆವತ್ತು ಅಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವರೊಬ್ಬರಿಗೆ.

ಐದು ನಿಮಿಷದಲ್ಲಿ ಜನ ಸೇರಿದರು. "ದಾನೆ ಆಂಡ್? ದಾನೆ ಆಂಡ್?" (ಏನಾಯ್ತು, ಏನಾಯ್ತು) ಎಂದು ಎಲ್ಲರೂ ತುಳುವಿನಲ್ಲಿ ಕೇಳುವವರೇ. ಒಬ್ಬರು ಹೆಲ್ಮೆಟ್ ಎಳೆಯಲು ಬಂದರು, ಇನ್ನೊಬ್ಬರು ನೀರಿನ ಬಾಟಲಿ ತಂದರು, ಮತ್ತಿಬ್ಬರು ಕೈಕಾಲು ಹಿಡಿದು ಎತ್ತೋಣ ಎಂದರು. ಎಲ್ಲ ಒಳ್ಳೆಯ ಮನಸ್ಸಿನವರೇ. ಆದರೆ ಕುತ್ತಿಗೆಗೆ ಏನಾಗಿದೆ ಎಂದು ನೋಡಿ ಯಾರಿಗೆ ಗೊತ್ತಾಗುತ್ತದೆ? ಉಸಿರಾಟಕ್ಕೆ ಅಡ್ಡಿ ಆಗದಿದ್ದರೆ ಹೆಲ್ಮೆಟ್ ಹಾಗೇ ಇರಲಿ, ಆಪರೇಷನ್ ಬೇಕಾಗಬಹುದಾದ್ದರಿಂದ ಬಾಯಿಗೆ ಏನೂ ಬೇಡ, ಕುತ್ತಿಗೆ ಬೆನ್ನು ನೋವು ಅಂದರೆ ಎತ್ತುವುದೂ ಬೇಡ, 108 ಬರಲಿ. ಸ್ಕೂಟರಿನ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿ. ಹುಡುಗ "ದಾಲ ಇಜ್ಜಿ, ದಾಲ ಇಜ್ಜಿ" (ಏನೂ ಇಲ್ಲ, ಏನೂ ಇಲ್ಲ) ಎನ್ನುತ್ತಾ ಎದ್ದು ನಿಲ್ಲಲು ನೋಡುತ್ತಿದ್ದ. ಬಿದ್ದ ಬಿಸಿಯಲ್ಲಿ ಎಲ್ಲರೂ ಹಾಗೇ ಹೇಳುವುದು.

ಪೊಲೀಸು, ಕೋರ್ಟು ಎಂದು ಹೆದರಿ ನಿಲ್ಲದೆ ಹೋಗುವವರಿಗೆ ಒಂದು ಮಾತು. ನೆರವು ಮಾಡಿದವರನ್ನು ಪೀಡಿಸಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಬಲ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವನ ಮೇಲೆ ಕೇಸು ಹಾಕುವಂತಿಲ್ಲ, ತನ್ನ ಹೆಸರು ಹೇಳು ಎಂದು ಒತ್ತಾಯಿಸುವಂತಿಲ್ಲ. ನಿಮ್ಮ ಗಾಡಿಯೇ ತಾಗಿದ್ದರೆ ಅದು ಬೇರೆ, ಆಗ 134ನೇ ಕಲಂ ಪ್ರಕಾರ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವ ಹಾಗೆ ಮಾಡುವುದು ನಿಮ್ಮ ಕರ್ತವ್ಯ. ಜನ ಹೊಡೆಯಲು ಬಂದರೆ ಎಂಬ ಭಯಕ್ಕೂ ಅದೇ ಕಲಂನಲ್ಲಿ ಜಾಗ ಇದೆ. ಗುಂಪಿನ ಕೋಪದಿಂದ ಅಲ್ಲಿ ನಿಲ್ಲಲು ಸಾಧ್ಯವಾಗದೇ ಹೋದರೆ ಅದನ್ನು ಕಾನೂನೇ ಒಪ್ಪುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇಕಡಾ 44ಕ್ಕಿಂತ ಜಾಸ್ತಿ ಎರಡು ಚಕ್ರದ ಗಾಡಿಯಲ್ಲಿದ್ದವರು. ಈ ಅಂಕಿ ಓದಿದ ಮೇಲೆ ನನ್ನ ಎದುರಿನ ಪ್ರತಿ ಸ್ಕೂಟರನ್ನೂ ಇನ್ನೇನು ಬೀಳಲಿರುವ ಸ್ಕೂಟರು ಎಂದೇ ನೋಡುತ್ತೇನೆ. ಬೀಳಲು ನಮ್ಮಲ್ಲಿ ಕಾರಣಗಳಿಗೆ ಬರ ಇಲ್ಲ ನೋಡಿ. ಮೀನಿನ ಲಾರಿಯಿಂದ ಸುರಿದ ನೀರು, ಮೊದಲ ಮಳೆಗೆ ಮೇಲೆದ್ದ ಎಣ್ಣೆ, ಸೇತುವೆಯ ಕಬ್ಬಿಣದ ಪಟ್ಟಿ, ಹಾವಸೆ ಹಿಡಿದ ಇಂಟರ್‌ಲಾಕು, ಚಕ್ರಕ್ಕೆ ಸಿಕ್ಕ ಚೂಡಿದಾರದ ಶಾಲು, ಹಿಂದೆ ಕೂತವರು ಬಿಡಿಸಿದ ಕೊಡೆಗೆ ನುಗ್ಗಿದ ಗಾಳಿ. ಬಿದ್ದವನದ್ದೇ ತಪ್ಪು ಇರಬಹುದು. ಅದನ್ನು ನಿಂತ ಮೇಲೆ ಮಾತಾಡೋಣ.

ಅಂದ ಹಾಗೆ, ಹುಡುಗನಿಗೆ ಮೊಣಕೈಗೆ ಹೊಲಿಗೆ ಬಿತ್ತು, ಭುಜದ ಎಲುಬಿನಲ್ಲಿ ಸಣ್ಣ ಬಿರುಕು. ಅವನ ಅಣ್ಣ ಬಂದು ಕರೆದುಕೊಂಡು ಹೋದ ಮೇಲೆ ನಾನು ಕಾರು ಹಿಂದೆ ತೆಗೆದೆ. ಚಪ್ಪಲಿ ಅಡಿಯಲ್ಲಿತ್ತು, ಮುಂದಿನ ಎರಡು ಚಕ್ರಗಳ ನಡುವೆ, ನೆಟ್ಟಗೆ, ಯಾರೋ ಬಾಗಿಲಲ್ಲಿ ಬಿಟ್ಟ ಹಾಗೆ.

ಮಾವನ ಒತ್ತಾಯಕ್ಕೆ ಕಳೆದ ವಾರ ಹೆಂಡತಿಯನ್ನೂ ಕರೆದುಕೊಂಡು ಊರಾಚೆಯ ಹೊಸ ಲೇಔಟಿಗೆ ಹೋದೆವು. ಅಲ್ಲಿ ಮನೆಗಳಿಲ್ಲ, ಖಾಲಿ ಡಾಂಬರು ರಸ್ತೆ ಮಾತ್ರ. ಪೂರ್ತಿ ಬ್ರೇಕ್ ಒತ್ತುವುದು ಅಂದರೆ ಏನು ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ, ಡ್ರೈವಿಂಗ್ ಕ್ಲಾಸಿನಲ್ಲಿ ಯಾರೂ ಒತ್ತಿಸುವುದಿಲ್ಲ. 2019ರ ಏಪ್ರಿಲ್ ನಂತರ ಬಂದ ಕಾರುಗಳಲ್ಲಿ ಎಬಿಎಸ್ ಕಡ್ಡಾಯ. ಅದು ಚಕ್ರವನ್ನು ಪೂರ್ತಿ ಕಚ್ಚಿಕೊಳ್ಳಲು ಬಿಡದೆ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ, ಹಾಗಾಗಿ ಬ್ರೇಕ್ ಒತ್ತಿದಂತೆಯೇ ತಿರುಗಿಸಲೂ ಆಗುತ್ತದೆ. ಹಳೆಯ ಕಾರಾದರೆ ಚಕ್ರ ಕಚ್ಚಿದ ಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ನೇರಕ್ಕೇ ಜಾರುತ್ತದೆ, ತಿರುಗಿಸಬೇಕಾದರೆ ಬ್ರೇಕ್ ಸ್ವಲ್ಪ ಸಡಿಲಿಸಬೇಕು. ಎಬಿಎಸ್ ಕೆಲಸ ಮಾಡುವಾಗ ಪೆಡಲು ಕಾಲಡಿಯಲ್ಲಿ ಕರಕರ ಎಂದು ನಡುಗುತ್ತದೆ, ಮೊದಲ ಸಲದವರು ಏನೋ ಮುರಿಯಿತು ಎಂದು ಕಾಲು ಎತ್ತಿಬಿಡುತ್ತಾರೆ.

ಇವಳೂ ಎತ್ತಿದಳು. ಎರಡನೇ ಸಲವೂ ಅರ್ಧಕ್ಕೆ ಎತ್ತಿದಳು. ಹಿಂದಿನ ಸೀಟಿನಲ್ಲಿದ್ದ ಮಾವ, "ಪೆಡಲ್ ಮುರಿದ್ರೆ ನಾನು ತೆಗೆಸಿ ಕೊಡ್ತೇನೆ, ಒತ್ತು" ಎಂದರು. ಮೂರನೇ ಸಲ ನಲವತ್ತರಲ್ಲಿ ಹೋಗಿ ಒತ್ತಿದಳು ನೋಡಿ, ನನ್ನ ಬೆಲ್ಟು ಎದೆಗೆ ಕಚ್ಚಿತು, ಮಾವನ ಪಕ್ಕದಲ್ಲಿದ್ದ ತೆಂಗಿನಕಾಯಿ ಉರುಳಿಕೊಂಡು ಬಂದು ಅವಳ ಸೀಟಿನ ಅಡಿಗೆ ಸೇರಿತು. ಕಾರು ನಿಂತಿತು. ಕೆಳಗೆ ಬಗ್ಗಿ ಕಾಯಿ ಹೊರಗೆ ತೆಗೆದೆ, ಪೆಡಲಿನ ಅಡಿಗೆ ಹೋಗಿದ್ದರೆ ಅದು ಬೇರೆ ಕತೆ.

"ಈಗ ಸರಿ ಮಗಾ" ಅಂದರು ಮಾವ. "ಒತ್ತುವ ಮುಂಚೆ ಕನ್ನಡಿ ನೋಡಿದ್ಯಾ? ಹಿಂದೆ ಎಂತ ಇತ್ತು?"

"ನೋಡಿದೆ ಮಾವ. ಒಂದು ದನ ಉಂಟು. ದೂರ ಉಂಟು, ನಾಲ್ಕು ರೈಟ್ ಪೋಯಿ ಆಗ್ತದೆ."